ಬೆಳಗಿನ ಹುಳಿ, ಸಂಜೆಯ ಸಪ್ಪೆ

ವಿಲ್ಸನ್ ಗಾರ್ಡನ್‌ನಲ್ಲಿ ಯಾರಾದರೂ ಸಾರಿಗೆ ಒಗ್ಗರಣೆ ಹಾಕಿದರೆ, ನಾನು ಕತ್ರಿಗುಪ್ಪೆಯಲ್ಲಿ ಕೂತು ಉಪ್ಪು ಕಡಿಮೆಯಾಗಿದೆ ಎಂದು ಹೇಳಬಲ್ಲೆ. ಇದರಲ್ಲಿ ಅರ್ಧ ಸುಳ್ಳು. ಒಗ್ಗರಣೆಯ ವಾಸನೆ ಅಷ್ಟು ದೂರ ಬರುವುದಿಲ್ಲ. ಆ ಕಡೆಯವರು ಉಪ್ಪು ಕಡಿಮೆ ಹಾಕುವುದು ಮಾತ್ರ ನಿಜ.

ನನ್ನ ಹೆಸರು ಮಂಗಮ್ಮ. ಓದಿದ್ದು ಎರಡನೇ ಕ್ಲಾಸು, ಅದೂ ಮೇಷ್ಟ್ರು ರಜೆಯಲ್ಲಿದ್ದ ವರ್ಷ. ಅಡುಗೆ ಕಂಟ್ರಾಕ್ಟರ್ ಬೈಲಪ್ಪನ ತಂಡದಲ್ಲಿ ನನ್ನದು ಒಂದೇ ಕೆಲಸ: ಹಂಡೆ ಇಳಿಸುವ ಮುಂಚೆ ಸಾರಿನ ರುಚಿ ನೋಡುವುದು. ಮೊದಲು ಈ ಕೆಲಸ ನಮ್ಮ ಯಜಮಾನರದಿತ್ತು. ಅವರು ಹೋದ ಮೇಲೆ ರುಚಿ ನೋಡುವ ಹಿತ್ತಾಳೆ ಸೌಟು ನನ್ನ ಕೈಗೆ ಬಂತು. ಇಪ್ಪತ್ತು ವರ್ಷವಾಯಿತು. ನಾನು ಸೈ ಎನ್ನುವವರೆಗೆ ಹಂಡೆ ಇಳಿಯುವುದಿಲ್ಲ. ಸೈ ಎನ್ನುವ ಮುಂಚೆ ಉಪ್ಪೋ ಹುಳಿಯೋ ಬೆಲ್ಲವೋ ಒಂದು ಹಿಡಿ ಹಾಕಿಸುತ್ತೇನೆ. ಸಾರು ಸರಿಯಾಗಿದ್ದರೂ ಹಾಕಿಸುತ್ತೇನೆ. ಇಲ್ಲದಿದ್ದರೆ ಈ ಮುದುಕಿ ಯಾಕೆ ಬೇಕು ಎಂದು ಕೇಳುತ್ತಾರೆ.

ನಮ್ಮದೆಲ್ಲ ಮಧ್ಯಾಹ್ನದ ಊಟ. ಊಟವಿರುವ ದಿನ ಬೆಳಿಗ್ಗೆ ಐದಕ್ಕೆ ಎದ್ದು, ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ, ಹಿತ್ತಲ ಕುಂಡಗಳಲ್ಲಿರುವ ಕಾಡುಬಸಳೆಯ ಎಲೆಯೊಂದನ್ನು ಅಗಿಯುತ್ತೇನೆ. ಕಿಡ್ನಿಯಲ್ಲಿ ಕಲ್ಲು ಎಂದು ಬೀದಿಯವರೆಲ್ಲ ಕಿತ್ತುಕೊಂಡು ಹೋಗುತ್ತಾರಲ್ಲ, ಅದೇ ದಪ್ಪ ಎಲೆ. ಅವರ ಕಲ್ಲು ಕರಗಿತೋ ಇಲ್ಲವೋ, ನನ್ನ ಗಿಡವಂತೂ ಕರಗಿತು. ಆ ಎಲೆಯ ಹುಳಿ ಜುಂ ಎಂದರೆ ನನ್ನ ನಾಲಿಗೆ ಕೆಲಸಕ್ಕೆ ಎದ್ದಿದೆ ಎಂದರ್ಥ.

ಈ ಮಳೆಗಾಲದಲ್ಲಿ ಜ್ವರ ಬಂತು. ಹತ್ತು ದಿನ ಗಂಜಿಯೂ ಒಂದೇ, ಗೋಡೆಯ ಸುಣ್ಣವೂ ಒಂದೇ. ಜ್ವರ ಬಿಟ್ಟ ಮೇಲೆ, ಗುರುವಾರ ಸಂಜೆ ನಾಲ್ಕಕ್ಕೆ ಬೈಲಪ್ಪ ಬಂದ. ಭಾನುವಾರ ಕುಮಾರಸ್ವಾಮಿ ಲೇಔಟಿನಲ್ಲಿ ನಾಮಕರಣದ ಊಟ, ಆರುನೂರು ಜನ.

“ಮಂಗಮ್ಮೋರೇ, ನಾಲ್ಗೆ ವಾಪಸ್ ಬಂತಾ?”

“ಎಲ್ ಹೋಗಿತ್ತು ಬರಕ್ಕೆ? ನಿನ್ ಥರ ಟೂರ್ ಹೋಗುತ್ತಾ ನನ್ ನಾಲ್ಗೆ?”

ಹಾಗೆಂದು ಅವನೆದುರೇ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡೆ. ಅಗಿದೆ. ಏನೂ ಇಲ್ಲ. ಒದ್ದೆ ಪೇಪರ್ ತಿನ್ನುವ ಹಸುವಿಗೂ ಅದಕ್ಕಿಂತ ಹೆಚ್ಚು ರುಚಿ ಸಿಗುತ್ತದೆ. ಎದೆ ಧಸಕ್ಕೆಂದಿತು. ಆದರೆ ನನ್ನ ಬಾಯಿ ಎದೆಯ ಮಾತು ಎಂದು ಕೇಳಿದೆ?

“ಅಬ್ಬಬ್ಬಾ, ಏನ್ ಹುಳಿ! ಹಲ್ಲೆಲ್ಲಾ ಎದ್ದು ಕಂಬ್ಳಿ ಹುಡುಕ್ತಾ ಅವೆ!”

ಬೈಲಪ್ಪ ಕಳ್ಳ. ತಾನೂ ಒಂದು ಎಲೆ ಕಿತ್ತು ಅಗಿದ. ಇನ್ನೊಂದು ಸಲ ಅಗಿದು ನನ್ನ ಮುಖ ನೋಡಿದ.

“ಶುದ್ಧ ಸಪ್ಪೆ ಕಣ್ರೀ ಇದು. ಹುಳಿ ಎಲ್ಲಿದೆ?”

ನಾನು ಗಿಡದ ಕಡೆ ನೋಡಿದೆ. ಗಿಡ ತನಗೆ ಸಂಬಂಧವೇ ಇಲ್ಲ ಎನ್ನುವಂತೆ ನಿಂತಿತ್ತು.

“ಹೋಗ್ಲಿ ಬಿಡಿ, ವಯಸ್ಸಾಯ್ತು. ರೆಸ್ಟ್ ತಗೊಳ್ಳಿ,” ಎಂದ ಬೈಲಪ್ಪ. “ಭಾನುವಾರ ನಮ್ಮಣ್ಣನ ಮಗಳು ಚೂಡಾಮಣಿ ರುಚಿ ನೋಡ್ತಾಳೆ. ಕೇಟರಿಂಗ್ ಕೋರ್ಸ್ ಮಾಡವ್ಳೆ.”

ಅವನು ಹೋದ ಮೇಲೆ ಲೆಕ್ಕ ಹಾಕಿದೆ: ಎಲೆಅಡಿಕೆ ಜಗಿಯುವ ಅವನ ನಾಲಿಗೆಗೆ ಎಲ್ಲವೂ ಸಪ್ಪೆ, ಆದರೆ ಇಪ್ಪತ್ತು ವರ್ಷ ಹುಳಿಯಿದ್ದ ಎಲೆ ನನಗೂ ಸಪ್ಪೆ. ಕಣ್ಣು ಮಂಜಾಗಿದೆ, ಮೊಣಕಾಲು ಹೋಗಿದೆ, ಅವೆಲ್ಲ ಇರಲಿ. ನಾಲಿಗೆಯ ರುಚಿಯೂ ಹೋದರೆ ಅದರಲ್ಲಿ ಉಳಿಯುವುದು ಬರೀ ಮಾತು.

ಶುಕ್ರವಾರ ಬೆಳಿಗ್ಗೆ ಐದಕ್ಕೆ ಎದ್ದವಳೇ ಎಲೆ ಅಗಿದೆ. ಜುಂ! ಕಿವಿಯವರೆಗೂ ಹುಳಿ. ಓಡಿ ಹೋಗಿ ಫೋನ್ ಮಾಡಿದೆ.

“ಬೈಲಪ್ಪಾ, ಹುಳಿ ಬಂತು ಕಣೋ!”

“ನಿನ್ನೇನೂ ಇದನ್ನೇ ಹೇಳಿದ್ರಿ,” ಎಂದು ಇಟ್ಟುಬಿಟ್ಟ.

ಸಂಜೆ ಮತ್ತೆ ಅಗಿದೆ. ಸಪ್ಪೆ. ಹುಣಸೆಹಣ್ಣು ನೆಕ್ಕಿದೆ, ಹುಳಿ. ನಿಂಬೆಹಣ್ಣು ನೆಕ್ಕಿದೆ, ಹುಳಿ. ಮತ್ತೆ ಎಲೆ, ಸಪ್ಪೆ! ಗಿಡದ ಮುಂದೆ ನಿಂತು ಅದರ ಏಳು ತಲೆಮಾರಿಗೆ ಬೈಯುತ್ತಿದ್ದಾಗ ಮಹಡಿಯ ಬಾಡಿಗೆಯ ಹುಡುಗಿ ರಾಜಶ್ರೀ ಮೆಟ್ಟಿಲಿಳಿದು ಬಂದಳು. ಗದಗದ ಕಡೆಯವಳು, ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳುತ್ತಾಳೆ.

“ಯಾಕ್ರೀ ಅಜ್ಜಿ, ಗಿಡಕ್ಕ ಬೈಯಾಕತ್ತೀರಿ?”

ಎಲ್ಲಾ ಹೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

“ನಿಮ್ಮ ನಾಲಿಗಿ ಛಲೋ ಐತ್ರಿ. ಈ ಎಲೀನ ಹಂಗ. ಬ್ಯಾರೆ ಗಿಡಾ ಹಗಲಿ ಎಲಿಯಾಗಿನ ಸಣ್ಣ ಬಾಗಿಲಾ ತಗದು ಗಾಳಿ ಒಳಗ ತಗೋತಾವು, ಬಿಸಿಲಿನ ಶಕ್ತಿಲೆ ಸಕ್ರಿ ಮಾಡ್ಕೋತಾವು. ಇದು ನೀರಿನಾಗ ಭಾಳ ಜಿಪುಣ. ಹಗಲಿ ಬಾಗಿಲಾ ತಗದ್ರ ಒಳಗಿನ ನೀರು ಆರಿ ಹೋಕ್ಕತಿ ಅಂತ ರಾತ್ರಿ ತಗೀತೈತಿ. ಆಗ ತಗೊಂಡ ಗಾಳೀನ ಹುಳಿ ಮಾಡಿ ಕೂಡಿಸಿ ಇಡ್ತೈತಿ. ಬೆಳಗಾತು ಅಂದ್ರ ಬಾಗಿಲಾ ಹಾಕಿ, ಆ ಹುಳಿಯಾಗಿನ ಗಾಳೀನ ಬಿಸಿಲಿಗೆ ಸಕ್ರಿ ಮಾಡಾಕ ಕುಂದರ್ತೈತಿ. ಸಂಜಿ ಅನ್ನೂದ್ರಾಗ ಹುಳಿ ಖಾಲಿ.”

“ಅಂದ್ರೆ ರಾತ್ರಿ ಹುಣ್ಸೆಹಣ್ಣು ನೆನೆಹಾಕಿ, ಬೆಳಿಗ್ಗೆ ಒಲೆ ಹಚ್ಚುತ್ತೆ ಅನ್ನು.”

“ಹೌದ್ರಿ. ಒಲಿ ಅಂದ್ರ ಸೂರ್ಯ.”

“ಆರುನೂರು ಜನಕ್ಕೆ ಬೇಯ್ಸಿದ್ರೂ ಸಿಲಿಂಡರ್ ಖಾಲಿಯಾಗಲ್ಲ, ಪುಣ್ಯವಂತ್ರು! ಅದ್ಸರಿ, ಒಲೆ ಹಚ್ಚಕ್ಕೇ ಬಿಡ್ದಿದ್ರೆ?”

“ಕತ್ತಲಾಗಿಟ್ರ ಹುಳಿ ಭಾಳಷ್ಟು ಹಂಗ ಉಳೀತೈತ್ರಿ.” ರಾಜಶ್ರೀ ನನ್ನನ್ನೇ ನೋಡಿದಳು. “ಅಜ್ಜಿ, ಏನ್ ಮಾಡಾವ್ರದೀರಿ?”

ಶನಿವಾರ ಬೆಳಕು ಹರಿಯುವ ಮುಂಚೆಯೇ ಒಂದು ಕುಂಡದ ಮೇಲೆ ಅನ್ನದ ದೊಡ್ಡ ದಬರಿ ಬೋರಲು ಹಾಕಿದೆ. ಪಕ್ಕದ ಕುಂಡವನ್ನು ಬಿಸಿಲಿಗೆ ಬಿಟ್ಟೆ. ಆಮೇಲೆ ರಾಜಶ್ರೀ ಬೈಲಪ್ಪನಿಗೆ ಫೋನ್ ಮಾಡಿ ಸಂಜೆ ಬರಲೇಬೇಕು ಎಂದಳು. ನಾಲ್ಕಕ್ಕೆ ಬಂದ, ಜೊತೆಗೆ ಚೂಡಾಮಣಿ. ಹುಡುಗಿ ಕೈಯಲ್ಲಿ ನೋಟ್‌ಬುಕ್ಕು ಬೇರೆ.

“ಎರಡೂ ಒಂದೇ ತಾಯಿ ಗಿಡದ್ದು,” ಎಂದೆ. “ಕಣ್ ಕಟ್ಟಿ, ಯಾವ್ದಾದ್ರೂ ಕೊಡಿ. ಬಿಸ್ಲಿಂದೋ ದಬರಿ ಕೆಳಗಿಂದೋ, ನನ್ ನಾಲ್ಗೆ ಹೇಳುತ್ತೆ.”

ಬೈಲಪ್ಪ ತನ್ನ ಟವೆಲ್ಲಿನಿಂದಲೇ ಕಣ್ಣು ಕಟ್ಟಿದ. ಆ ಟವೆಲ್ಲಿನ ವಾಸನೆಗೇ ಪ್ರಾಣ ಹೋಗಬೇಕಿತ್ತು, ಗಟ್ಟಿ ಜೀವ, ಉಳಿಯಿತು. ಚೂಡಾಮಣಿ ಒಂದೊಂದೇ ಎಲೆ ಬಾಯಿಗಿಟ್ಟಳು.

“ಬಿಸಿಲು. ಬಿಸಿಲು. ಆಹಾ, ದಬರಿ! ಬಿಸಿಲು. ದಬರಿ. ದಬರಿ.”

“ಆರಕ್ಕೆ ಆರೂ ಸರಿ!” ಎಂದಳು ಚೂಡಾಮಣಿ. ಪಾಪ, ಖುಷಿಯಾಗಿಯೇ ಹೇಳಿದಳು.

ಏಳನೆಯದು ನಾಲಿಗೆಗೆ ಬಿದ್ದ ಕೂಡಲೇ ಉಗಿದೆ. “ಇದು ನಿನ್ ಜೇಬಲ್ಲಿದ್ದ ವೀಳ್ಯದೆಲೆ ಕಣೋ ಬೈಲಪ್ಪ. ಅದೂ ಮೊನ್ನೇದು.”

ಟವೆಲ್ ಬಿಚ್ಚಿದಾಗ ರಾಜಶ್ರೀ ಮೆಟ್ಟಿಲ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಬೈಲಪ್ಪ ಮಾತ್ರ ನಗಲಿಲ್ಲ.

“ನಾಲ್ಗೆ ಸರಿಯಾಗೈತೆ, ಒಪ್ದೆ. ನಾಳೆ ಬನ್ನಿ. ಆದ್ರೆ ಮಂಗಮ್ಮೋರೇ, ಗುರುವಾರ ಎಲೆ ಸಪ್ಪೆ ಅಂತ ನಿಮ್ ನಾಲ್ಗೆಗೆ ಗೊತ್ತಾಗಿತ್ತು. ಆದ್ರೂ ಹುಳಿ ಅಂದ್ರಿ. ಆರುನೂರು ಜನದ್ ಊಟ ನಂದು. ನಾಳೆ ಅಂಥ ಸುಳ್ ಹೇಳಿದ್ರೆ ಸೌಟು ಚೂಡಾಮಣಿಗೆ. ಆಯ್ತಾ?”

ಟವೆಲ್ಲನ್ನು ಅವನ ಕೈಗಿಟ್ಟೆ. “ಆಯ್ತು” ಎಂದೆ.

ಭಾನುವಾರ ಹನ್ನೊಂದು ಗಂಟೆ. ಹಂಡೆಯಲ್ಲಿ ಸಾರು ಮರಳುತ್ತಿತ್ತು. ಮಾಡಿದವಳು ಚೂಡಾಮಣಿ. ಸೌಟಿನಲ್ಲಿ ತೆಗೆದು, ಊದಿ, ನಾಲಿಗೆಯ ಮೇಲೆ ಬಿಟ್ಟುಕೊಂಡೆ.

ಸರಿಯಾಗಿತ್ತು. ಉಪ್ಪು, ಹುಳಿ, ಖಾರ, ಒಂದನ್ನೊಂದು ತಳ್ಳದೆ ಕೂತಿದ್ದವು. ಯಜಮಾನರ ಕೈ ಬಿಟ್ಟರೆ ಇಂಥ ಸಾರು ನಾನು ಕಂಡಿಲ್ಲ. ಈ ಮಾತಿನಲ್ಲಿ ಸುಳ್ಳು ಬೆರೆಸಿಲ್ಲ.

ಚೂಡಾಮಣಿ ಉಸಿರು ಬಿಗಿಹಿಡಿದು ನಿಂತಿದ್ದಳು. ನನ್ನ ಚಾಳಿ ಗೊತ್ತಿದ್ದ ಅಡುಗೆಯವರು ಆಗಲೇ ಕೈಯಲ್ಲಿ ಹಿಡಿ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬನ ಕೈಯಲ್ಲಿ ಉಪ್ಪು, ಒಬ್ಬನ ಕೈಯಲ್ಲಿ ಬೆಲ್ಲ.

“ಯಾವ್ದ್ ಹಾಕ್ಲಿ, ಮಂಗಮ್ಮೋರೇ?”

ಒಂದು ಹಿಡಿ ಹಾಕು ಎಂದರೆ ಅದು ಗುರುವಾರದ ಸುಳ್ಳು. ಏನೂ ಬೇಡ ಎಂದರೆ, ನಾಳೆಯಿಂದ ಈ ಮುದುಕಿ ಯಾರಿಗೆ ಬೇಕು? ಬೈಲಪ್ಪ ಸೊಂಟಕ್ಕೆ ಕೈ ಕೊಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದ. ನಾನು ಸೌಟು ಕೆಳಗಿಟ್ಟೆ, ಬಾಯಿ ತೆರೆದೆ.

ಏನೆಂದೆ? ಇಷ್ಟು ಹೊತ್ತು ನನ್ನ ಮಾತು ಕೇಳಿದ್ದೀರಿ, ಅಷ್ಟೂ ಗೊತ್ತಾಗಲ್ಲವೇ? ಆ ಹಿತ್ತಾಳೆ ಸೌಟು ಚೂಡಾಮಣಿ ಕೈಗೆ ಹೋಗಿಲ್ಲ, ಈಗಲೂ ಪ್ರತಿ ಊಟ ಮುಗಿದ ಮೇಲೆ ನಮ್ಮ ಅಡುಗೆಮನೆಯ ಮೊಳೆಗೇ ವಾಪಸ್ ಬರುತ್ತದೆ, ಬಂದು ನೋಡಿ. ಈಗ ಹೇಳಿ ನೋಡೋಣ, ಏನೆಂದೆ?