ಅಣಬೆ ಆಡಿಸಿದ ಮಾತು

ಭೀಮನಬೀಡಿನ ಪುಟ್ಟಬಸಪ್ಪನಿಗೆ ಅರವತ್ತರ ಹತ್ತಿರ ಅಣಬೆಯ ಆಸೆ ಹುಟ್ಟಿತು. ಅವನ ಮನೆಯ ಒಲೆಗೆ ಅಣಬೆ ಏರಿದ್ದೇ ಇಲ್ಲ. ಹೆಂಡತಿ ಗುರುಮಲ್ಲಮ್ಮನಿಗೆ ಅದೂ ಮಾಂಸವೇ. ಹಾಗಾಗಿ ಮಹಾಶಯ ತಿಪ್ಪೆಯ ಪಕ್ಕ ಎದ್ದಿದ್ದನ್ನು ಕಿತ್ತು, ಪಂಪ್‌ಸೆಟ್ ಮನೆಯಲ್ಲಿ ಕದ್ದು ಹುರಿದು ತಿಂದ. ತಿನ್ನುವ ಅಣಬೆ ಯಾವುದೆಂದು ಬಲ್ಲವರನ್ನು ಕೇಳಿದ್ದರೆ ಗುಟ್ಟು ರಟ್ಟಾಗುತ್ತಿತ್ತಲ್ಲ.

ಅರ್ಧ ಗಂಟೆಗೆಲ್ಲ ಹೊಲದ ಅರಿಸಿನದ ಎಲೆಗಳು ಉಸಿರಾಡತೊಡಗಿದವು. ಪುಟ್ಟಬಸಪ್ಪನಿಗೆ ಲೋಕದ ಮೇಲೆಲ್ಲ ಪ್ರೀತಿ ಉಕ್ಕಿತು. ಬದುವಿನ ಕಲ್ಲಿನ ಜಗಳದಲ್ಲಿ ಏಳು ವರ್ಷದಿಂದ ಮಾತು ಬಿಟ್ಟಿದ್ದ ತಮ್ಮ ಮೃತ್ಯುಂಜಯನ ಜಗಲಿಗೆ ನೆಟ್ಟಗೆ ಹೋಗಿ, ಹತ್ತು ಜನರ ಎದುರು ಅವನ ಕೈ ಹಿಡಿದುಕೊಂಡ.

"ಕಲ್ಲು ಜರುಗಿಸಿದ್ದು ನಾನೇ ಕಣ್ಲಾ. ಎರಡಡಿ ನಿನ್ನ ಕಡೀಕೆ ತಳ್ಬುಟ್ಟೆ," ಎಂದು ಅತ್ತ.

ಚಾಮರಾಜನಗರದಲ್ಲಿ ಫಾರ್ಮಸಿ ಪಾಠ ಹೇಳುವ ಮಗಳು ರೂಪಶ್ರೀ ಅಂದು ಊರಲ್ಲಿದ್ದಳು. ಅಪ್ಪನನ್ನು ಗುಂಡ್ಲುಪೇಟೆ ಆಸ್ಪತ್ರೆಗೆ ತೋರಿಸಿ ಕರೆತಂದಳು. ಅಲ್ಲಿ ರಟ್ಟಾದ ಅಣಬೆಯ ಗುಟ್ಟು ರಾತ್ರಿಯೊಳಗೆ ಊರಿಗೆಲ್ಲ ಹರಡಿತು. ಬೆಳಿಗ್ಗೆ ಕಾಫಿ ಕೊಡುತ್ತಾ ವಿವರಿಸಿದಳು.

"ಅಣಬೇಲಿರೋ ವಸ್ತು ಲಿವರಲ್ಲಿ ರೂಪ ಬದಲಾಯಿಸ್ತದೆ ಅಪ್ಪಾಜಿ. ಆಮೇಲೆ ಮಿದುಳಲ್ಲಿ ಸೆರೊಟೊನಿನ್ ಅನ್ನೋ ರಾಸಾಯನಿಕ ಕೂರೋ ಜಾಗದಲ್ಲಿ ಹೋಗಿ ಕೂತ್ಕತದೆ. ಒಂದಕ್ಕೊಂದು ಅಷ್ಟಾಗಿ ಮಾತಾಡದ ಭಾಗಗಳೆಲ್ಲ ಮಾತಾಡೋಕೆ ಶುರು ಮಾಡ್ತವೆ. ಐದಾರು ಗಂಟೇಲಿ ಅಮಲು ಇಳೀತದೆ. ಉಳಿದಿದ್ದು ಒಂದಕ್ಕೆ ಹೋದಾಗ ಆಚೆ ಬಂದ್ಬುಡ್ತದೆ."

ಪುಟ್ಟಬಸಪ್ಪನಿಗೆ ಹೋದ ಜೀವ ಬಂದಂತಾಯಿತು. "ಅಂಗಾರೆ ಅಮಲಲ್ಲಿ ಏನೋ ಬಡಬಡಿಸ್ದೆ ಅಂದ್ಬುಡ್ತೀನಿ. ಮಾನ ಉಳೀತದೆ."

"ಅನ್ನು, ಊರು ನಂಬ್ತದೆ. ಆದ್ರೆ ಕಲ್ಲು ಜರುಗಿಸಿದಾಗ ನೀನು ಏನು ತಿಂದಿದ್ದೆ?"

ಕಾಫಿ ಅರ್ಧಕ್ಕೇ ನಿಂತಿತು. ಪುಟ್ಟಬಸಪ್ಪ ಲೋಟ ಕೆಳಗಿಟ್ಟ. ಆಮೇಲೆ ಹಾರೆ ಹೆಗಲಿಗೇರಿಸಿ ಹೊಲಕ್ಕೆ ಹೊರಟ. ನಾಚಿಕೆಯಿಂದ ಏಳು ವರ್ಷದಲ್ಲಿ ಅವನು ಆ ಬದುವಿನತ್ತ ಕಣ್ಣೆತ್ತಿಯೂ ನೋಡಿರಲಿಲ್ಲ.

ಮೃತ್ಯುಂಜಯ ಆಗಲೇ ಅಲ್ಲಿ ಕುಳಿತಿದ್ದ. "ನೆನ್ನೆ ಮಾತಾಡಿದ್ದು ನೀನಾ ಅಣ್ಣ, ಅಣಬೆಯಾ?"

"ನಾನೇ ಕಣ್ಲಾ," ಎಂದು ಪುಟ್ಟಬಸಪ್ಪ ಕಲ್ಲಿನ ಬುಡಕ್ಕೆ ಹಾರೆ ಹಾಕಿದ.

ತಮ್ಮ ಹಾರೆ ಹಿಡಿದುಕೊಂಡ. "ಬುಡಣ್ಣ. ಆ ವರ್ಷಾನೇ ನಾನು ಇದನ್ನ ಮೂರಡಿ ನಿನ್ನ ಕಡೀಕೆ ತಳ್ಳಿದ್ದೆ."

ಪುಟ್ಟಬಸಪ್ಪ ಹಾರೆ ಕೈಬಿಟ್ಟ. "ಇದನ್ನ ಹೇಳಕ್ಕೆ ನೀನು ಯಾವ ಅಣಬೆ ತಿಂದ್ಯಲಾ?"

"ಬರೀ ಕಾಫಿ ಕುಡ್ದು ಬಂದೆ ಕಣಣ್ಣ."

ಕಲ್ಲನ್ನು ಇನ್ನು ತಮ್ಮನ ಕಡೆಗೆ ಒಂದಡಿ ಸರಿಸಿದರೆ ಮುಗಿಯುತ್ತಿತ್ತು. ಅಣ್ಣತಮ್ಮಂದಿರಿಗೆ ಅದಕ್ಕೆ ಮಧ್ಯಾಹ್ನವಾಯಿತು. ಅಷ್ಟು ಮಾತು ಬಾಕಿ ಇತ್ತು.