ಮಾಮುವಿಗೆ ಬಂದ ಕರೆಯೋಲೆ

ಕುರ್ಲಾದ ಚಾಳೊಂದರ ಕೆಳಮನೆಯಲ್ಲಿ ಹೊಲಿಗೆಯ ಅಂಗಡಿ ನಡೆಸುವ ಚಮನಸಾಬರ ಮೊಬೈಲಿಗೆ ಬೆಳಗಿನ ಚಹಾದ ಹೊತ್ತಿಗೆ ಒಂದು ಸಂದೇಶ ಬಂತು. ದಹಿಸರಿನಲ್ಲಿರುವ ತಂಗಿ ಗೌಹರಳ ನಂಬರಿನಿಂದ. ಮಗಳು ಮುಬೀನಾಳ ನಿಕಾಹ್ ಇದೆ, ಕಾರ್ಡಿಗಾಗಿ ಇದನ್ನು ಒತ್ತಿರಿ ಎಂದಿತ್ತು. ಕೆಳಗೊಂದು ತುಂಡು ಲಿಂಕ್: ಅರ್ಥವಿಲ್ಲದ ಕೆಲವು ಅಕ್ಷರಗಳು, ಎಲ್ಲಿಗೆ ಒಯ್ಯುತ್ತದೆಂದು ಹೇಳದ ಒಂದು ದಾರಿ.

ತಾಯಿ ತೀರಿಕೊಂಡ ನಲವತ್ತನೆಯ ದಿನದ ಊಟಕ್ಕೆ ಚಮನಸಾಬರು ತಂಗಿಯನ್ನು ಫೋನಿನಲ್ಲೇ ಕರೆದಿದ್ದರು. ಹೊಸ್ತಿಲಿಗೆ ಬಂದು ಹೆಸರು ಹಿಡಿದು ಕರೆಯದಿದ್ದರೆ ಅದು ಕರೆಯೇ ಅಲ್ಲ ಎಂಬುದು ಅವರ ಮನೆತನದ ರೀತಿ. ಗೌಹರ ಬರಲಿಲ್ಲ. ಅಂದಿನಿಂದ ಅಣ್ಣ ತಂಗಿಯರ ನಡುವೆ ಮಾತು ಬತ್ತಿತ್ತು. ಮದುವೆಯ ಮೊದಲ ಕರೆಯಂತೂ ಹುಡುಗಿಯ ಮಾಮುವಿಗೆ, ತಾಯಿಯ ಅಣ್ಣನಿಗೆ, ಮನೆಗೇ ಬರಬೇಕು.

“ಸೇಡು ತೀರಿಸ್ಯಾಳ ನೋಡು,” ಎಂದರು ಚಮನಸಾಬರು ಹೆಂಡತಿ ಜೇಬುನ್ನೀಸಾಳಿಗೆ. “ನಾ ಫೋನಿನಾಗ ಕರದಿದ್ದೆ, ಆಕಿ ಲಿಂಕಿನಾಗ ಕರದಾಳ. ಮಾಮೂಗ ಲಿಂಕು!”

ಜೇಬುನ್ನೀಸಾ ಕಪ್ಪು ಕೆಳಗಿಟ್ಟಳು. “ತಡೀರಿ, ಒತ್ತಬ್ಯಾಡ್ರಿ.”

“ತಾರೀಖು ನೋಡ್ತೀನಿ. ಅವತ್ತು ಬೇಕಂತನ ಅಂಗಡಿ ತೆಗದು ಕೂಡ್ತೀನಿ.”

“ಸಿಟ್ಟು ಆಕಿ ಮ್ಯಾಲ ಮಾಡ್ರಿ, ಫೋನಿನ ಮ್ಯಾಲ ಬ್ಯಾಡ. ನಮ್ಮ ಬ್ಯಾಂಕು, ಗಿರಾಕಿಗಳ ಆರ್ಡರು, ಎಲ್ಲಾ ಅದರಾಗೇ ಅದಾವ. ಕೊಡ್ರಿ ಇಲ್ಲಿ.”

ಅಂಗಡಿಯ ಆರ್ಡರುಗಳನ್ನು ಫೋನಿನಲ್ಲೇ ನೋಡಿಕೊಳ್ಳುವ ಅವಳ ಬೆರಳಿಗೆ ಅವಸರವಿರಲಿಲ್ಲ. ಲಿಂಕನ್ನು ತೆರೆಯದೆ ನಕಲು ಮಾಡಿಕೊಂಡಳು. ತುಂಡು ಲಿಂಕಿನ ಹಿಂದಿರುವ ಪೂರ್ತಿ ವಿಳಾಸವನ್ನು ತೋರಿಸುವ ತಾಣವೊಂದರಲ್ಲಿ ಅಂಟಿಸಿದಳು. ಮಡಚಿಟ್ಟ ಬಟ್ಟೆ ಬಿಚ್ಚಿಕೊಂಡಂತೆ ಉದ್ದನೆಯ ವಿಳಾಸ ಹರಡಿಕೊಂಡಿತು. ಕೇಳರಿಯದ ಹೆಸರು, ಕೊನೆಯಲ್ಲಿ ಎಪಿಕೆ ಎಂಬ ಮೂರು ಅಕ್ಷರ.

“ಇದು ಕಾರ್ಡಲ್ರಿ, ಆ್ಯಪು. ಲಗ್ನದ ಕಾರ್ಡು ನೋಡಾಕ ಆ್ಯಪ್ ಯಾಕ ಹಾಕ್ಕೋಬೇಕು? ಹಾಕ್ಕೊಂಡ್ರ ಒಳಗ ಕುಂತು ನಮ್ಮ ಓಟಿಪಿ ಓದ್ತದ.”

“ಹಂಗಾದ್ರ ಗೌಹರ ಕಳಿಸಿಲ್ಲ?”

“ಆಕಿ ಫೋನಿನಾಗ ಯಾವನೋ ಕಳ್ಳ ಕುಂತಾನ.”

ಚಮನಸಾಬರ ಸಿಟ್ಟಿಗೆ ನಿಲ್ಲಲು ನೆಲವೇ ಉಳಿಯಲಿಲ್ಲ. ತಂಗಿಯ ನಂಬರು ಒತ್ತಿದರು; ಸ್ವಿಚ್ ಆಫ್. ಇಬ್ಬರು ಗಿರಾಕಿಗಳ ಕುರ್ತಾಗಳನ್ನು ಅರ್ಧಕ್ಕೇ ಬಿಟ್ಟು ಲೋಕಲ್ ಹಿಡಿದರು, ದಾದರಿನಲ್ಲಿ ಗಾಡಿ ಬದಲಿಸಿದರು. ಕಿಟಕಿಯಾಚೆ ಸ್ಟೇಷನ್ನುಗಳು ಸರಿಯುತ್ತಿದ್ದಾಗ, ಬಾಗಿಲಲ್ಲಿ ನಿಂತು ಮೊದಲ ಮಾತು ಏನಾಡಬೇಕೆಂದು ತಿಳಿಯದೆ ಬಿಲ್ಡಿಂಗುಗಳನ್ನು ನೋಡುತ್ತ ಕುಳಿತರು.

ಬಾಗಿಲು ತೆರೆದ ಗೌಹರಳ ಕಣ್ಣು ಕೆಂಪಾಗಿತ್ತು.

“ಭಾಯಿ! ನೀವು?”

“ಮುಬೀನಾನ ನಿಕಾಹ್ ಅಂತ ನಿನ್ನ ನಂಬರಿನಿಂದ ಲಿಂಕ್ ಬಂದದಲ್ಲ?”

“ಯಾರ ನಿಕಾಹ್? ಆಕಿ ಕಾಲೇಜಿಗೆ ಹೋಗ್ಯಾಳ!” ಎಂದವಳೇ ಬಾಗಿಲಿಗೆ ಒರಗಿದಳು. “ಪಾರ್ಸೆಲ್ ಬಂದದ ಅಂತ ಒಂದು ಲಿಂಕ್ ಬಂತು ಭಾಯಿ, ಒತ್ತಿದೆ. ಆಮ್ಯಾಲ ಫೋನು ತಾನೇ ಏನೇನೋ ಮಾಡಾಕ ಹತ್ತಿತು. ಹೆದರಿ ಬಂದ್ ಮಾಡಿಟ್ಟೀನಿ.”

“ಬಂದ್ ಮಾಡಿದ್ದು ಶ್ಯಾಣ್ಯಾತನ. ಬ್ಯಾಂಕಿನ ಕಾರ್ಡು ತಾ.”

ಕಾರ್ಡಿನ ಹಿಂದೆ ಅಚ್ಚಾಗಿದ್ದ ನಂಬರಿಗೆ ತಮ್ಮ ಫೋನಿನಿಂದ ಕರೆ ಹಚ್ಚಿ ತಂಗಿಯ ಕೈಗೆ ಕೊಟ್ಟರು. ಖಾತೆಗೆ ತಡೆ ಬಿತ್ತು. ಹಣ ಇದ್ದದ್ದು ಇದ್ದಂತೆಯೇ ಇತ್ತು. ಆದರೆ ಸುಳ್ಳು ಮದುವೆಯ ಕರೆ ನೆಂಟರಿಗೆಲ್ಲ ಹೋಗಿರಬೇಕು. ಚಮನಸಾಬರು ಚಾಪೆಯ ಮೇಲೆ ಕುಳಿತು ಒಬ್ಬೊಬ್ಬರಿಗೂ ಫೋನು ಹಚ್ಚತೊಡಗಿದರು. ಸೊಲ್ಲಾಪುರದ ಖಾಲಾ, ಅವರ ತಾಯಿಯ ತಂಗಿ, ಗೌಹರಳ ಮನೆಯಲ್ಲಿದ್ದೇನೆ ಎಂಬುದನ್ನು ಕೇಳಿದ್ದೇ ಮುಂದಿನ ಮಾತಿಗೆ ಕಾಯಲೇ ಇಲ್ಲ.

“ಗೌಹರನ ಮನ್ಯಾಗ ಕುಂತು ಮಾತಾಡಾಕ ಹತ್ತೀಯೇನೋ ಚಮನ್? ನೀವಿಬ್ರೂ ಮಾತು ಬಿಟ್ಟಿದ್ರೆಲ್ಲ!”

“ಅದನ್ನ ಆಕಿನೇ ಹೇಳ್ತಾಳ, ಕೊಡ್ತೀನಿ ತಗೊಳ್ರಿ,” ಎಂದು ಚಮನಸಾಬರು ಫೋನನ್ನು ತಂಗಿಯತ್ತ ಚಾಚಿದರು. “ಮೊದಲ ಆ ಲಿಂಕ್ ಅಳಿಸ್ರಿ, ಖಾಲಾ.”