ಒಂದೇ ಬಣ್ಣದ ಹಿಂಡು

ನನ್ನ ಯಜಮಾನರು ಗೌರೀಶಂಕರ ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟಿದವರಲ್ಲ. ಇಟ್ಟಮಡುವಿನ ಕಡೆ ನಡೆದು ಹೋಗುವಾಗ ಮಟನ್ ಅಂಗಡಿ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ. ಅಂಗಡಿ ಕಳೆದ ಮೇಲೆ ಮತ್ತೆ ಈಚೆ ಬರುತ್ತಾರೆ. ಇಂಥವರು ಅರವತ್ತೈದು ದಾಟಿದ ಮೇಲೆ ಮೇಕೆ ಸಾಕಲು ಹೊರಟರು. ಜಯನಗರದ ಬಟ್ಟೆ ಅಂಗಡಿಯನ್ನು ಅಣ್ಣನ ಮಗನಿಗೆ ಬಿಟ್ಟುಕೊಟ್ಟು, ಕನಕಪುರ ರಸ್ತೆಯಲ್ಲಿ ಮೆಟ್ರೋ ಮುಗಿದು ಇನ್ನೂ ಅಷ್ಟು ದೂರ ಹೋದರೆ ಸಿಗುವ ನಮ್ಮ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಸಿದರು. ಬನಶಂಕರಿಯ ನಮ್ಮ ಬೀದಿಯವರು ನಕ್ಕರು. ನಾನು ನಗಲಿಲ್ಲ. ಇಡೀ ದಿನ ಮನೆಯಲ್ಲಿ ಕೂತು ನನ್ನ ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು ಎನ್ನುವುದಕ್ಕಿಂತ ಮೇಕೆ ಕಾಯುವುದು ಮೇಲು ಎಂದುಕೊಂಡೆ.

ಸಾಕಿದ್ದು ಹಾಲಿಗಲ್ಲ, ಮಾಂಸಕ್ಕಂತೂ ಅಲ್ಲವೇ ಅಲ್ಲ. ಅವರ ಅಜ್ಜನ ಊರು ಕೋಡಿಕಲ್ಲು. ಅಲ್ಲಿನ ಗುಡ್ಡದಲ್ಲಿ ಮೊದಲು ಕರಿ ಮೇಕೆಗಳು ಹಿಂಡುಗಟ್ಟಲೆ ಮೇಯುತ್ತಿದ್ದವಂತೆ, ಈಗ ಅಲ್ಲೊಂದು ಇಲ್ಲೊಂದು. ಆ ತಳಿಯನ್ನು ಉಳಿಸಬೇಕು, ‘ಕೋಡಿಕಲ್ಲು ಕರಿಮೇಕೆ’ ಎಂಬ ಹೆಸರಿನಲ್ಲಿ ಅದನ್ನು ಸರ್ಕಾರದ ತಳಿ ಪಟ್ಟಿಗೆ ಸೇರಿಸಬೇಕು ಎಂಬುದು ಇವರ ಆಸೆ. ಆಸೆ ಎಂದರೆ ಹುಚ್ಚು. ಹಿಂಡು ನೋಡಲು ತಂಡವೊಂದು ಯುಗಾದಿ ಕಳೆದ ಮೇಲೆ ಬರುವುದಿತ್ತು. ಬಂದವರ ಕಣ್ಣಿಗೆ ಬಾಲದ ತುದಿಯವರೆಗೂ ಕಪ್ಪೇ ಕಾಣಬೇಕು ಎಂದು ಇವರು ಹಟ ಹಿಡಿದಿದ್ದರು.

ಆ ಕಪ್ಪು ಹಿಂಡಿನಲ್ಲಿ ನನ್ನದೊಂದಿತ್ತು. ಹಣೆಯ ಮೇಲೆ ಅಡ್ಡಕ್ಕೆ ಮೂರು ಬಿಳಿ ಗೆರೆ. ನಾನು ಅದಕ್ಕೆ ವಿಭೂತಿ ಎಂದು ಹೆಸರಿಟ್ಟೆ. “ಮೇಕೆಗೆ ವಿಭೂತಿ ಅಂತ ಕರೀತೀಯಲ್ಲೇ, ಯಾರಾದ್ರೂ ಕೇಳಿಸ್ಕೊಂಡ್ರೆ ಏನಂದಾರು?” ಎಂದು ಇವರು ಸಿಡುಕಿದರು. ನಾನು ಕರೆಯುವುದನ್ನು ಬಿಡಲಿಲ್ಲ. ನಾನು ಗೇಟಿನ ಬಳಿ ಆಟೋ ಇಳಿದರೆ ಸಾಕು, ಅದು ಶೆಡ್ಡಿನೊಳಗಿಂದಲೇ ಕೂಗುತ್ತಿತ್ತು. ಅದಕ್ಕೆ ಎರಡು ಹೆಣ್ಣು ಮಕ್ಕಳು, ಎರಡಕ್ಕೂ ಮೈಮೇಲೆ ಬಿಳಿ ಮಚ್ಚೆ. ಒಬ್ಬ ಮಗ, ಭೈರವ. ಅವನು ಮಾತ್ರ ಇದ್ದಲಿನಷ್ಟು ಕಪ್ಪು. ಇಡೀ ಹಿಂಡಿಗೆ ಅವನೇ ಹೋತ, ನಮ್ಮವರ ಕಣ್ಮಣಿ.

ನಮ್ಮ ಸೊಸೆ ಅಂಜನಾ ಪ್ರಾಣಿಗಳ ಡಿಎನ್ಎ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸದಲ್ಲಿದ್ದಾಳೆ. ಮಾವನಿಗೆ ನೆರವಾಗಲಿ ಎಂದು ಹಿಂಡಿನ ಎಲ್ಲ ಮೇಕೆಗಳ ರಕ್ತ ತೆಗೆದುಕೊಂಡು ಹೋಗಿದ್ದಳು. ಹಬ್ಬಕ್ಕೆ ನಾಲ್ಕೈದು ದಿನವಿರುವಾಗ, ರಾತ್ರಿ ಊಟಕ್ಕೆ ಮುದ್ದೆ ಬಡಿಸುತ್ತ ಅವಳು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

“ಮಾವ, ವಿಭೂತಿ ಮತ್ತೆ ಅವಳ ಮಕ್ಕಳು ಉಳಿದ ಮೇಕೆಗಳ ಥರ ಇಲ್ಲ. ಅವಳ ತಾಯಿ ಕಡೆ ಮೂಲಾನೇ ಬೇರೆ ಬರ್ತಿದೆ. ಇನ್ನೊಂದ್ಸಲ ಟೆಸ್ಟ್ ಮಾಡಿ ಪೂರ್ತಿ ಹೇಳ್ತೀನಿ.”

“ಬೇರೆ ಅಂತ ನಂಗೆ ಮೊದಲೇ ಗೊತ್ತಿತ್ತು ಕಣಮ್ಮ,” ಎಂದರು ಇವರು. ಅಷ್ಟರಲ್ಲಿ ಅವರಿಗೆ ಫೋನು ಬಂತು, ಎಡಗೈಯಲ್ಲಿ ಫೋನು ಹಿಡಿದು ಎದ್ದು ಹೋದರು. ಅಂಜನಾ ಮಾವನ ಹಿಂದೆ ಹೋಗಿ ಮಾತು ಮುಂದುವರಿಸುವವಳಲ್ಲ. ಮುದ್ದೆಯ ಪಾತ್ರೆ ಮುಚ್ಚಿಟ್ಟಳು.

ಈ ಮನೆಯಲ್ಲಿ ಬೇರೆ ಎಂಬ ಮಾತು ಏನು ಮಾಡುತ್ತದೆ ಎಂದು ನನಗೆ ಗೊತ್ತಿರಬೇಕಿತ್ತು. ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ನನ್ನನ್ನು ಬಹಳ ದಿನ ಅಡುಗೆ ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನಾವೂ ಲಿಂಗ ಕಟ್ಟುವವರೇ, ಆದರೆ ಪಂಗಡ ಬೇರೆ. ಅವರು ಜಗಳವಾಡಲಿಲ್ಲ, ಬಯ್ಯಲಿಲ್ಲ. “ಅವರ ಕಡೆ ಬೇರೆ,” ಎಂದಷ್ಟೇ ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಯುಗಾದಿಯ ದಿನ ಎಲ್ಲರೂ ಬೇವುಬೆಲ್ಲ ತಿಂದು ಊಟಕ್ಕೆ ಕೂತೆವು. ಮಗ ಚಿದಾನಂದನಿಗೆ ಮೆಟ್ರೋದಲ್ಲಿ ಹಬ್ಬದ ಡ್ಯೂಟಿ, ಅವನಿರಲಿಲ್ಲ. ಇವರು ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ಬಹಳ ಖುಷಿಯಲ್ಲಿದ್ದರು.

“ಹಿಂಡು ಈಗ ಕ್ಲೀನ್ ಆಯ್ತು ಕಣೇ ಗಿರಿಜಾ. ಎಲ್ಲಾ ಒಂದೇ ಬಣ್ಣ. ನೋಡೋಕೇ ಸಖತ್ತಾಗಿದೆ.”

ಅಂಜನಾಳ ಕೈ ಎಲೆಯ ಮೇಲೆ ನಿಂತಿತು. “ವಿಭೂತಿ, ಮಚ್ಚೆ ಇದ್ದವು ಎಲ್ಲಿ ಮಾವ?”

“ನಿನ್ನೆ ಕೊಟ್ಬಿಟ್ಟೆ. ನೀನೇ ಹೇಳಿದ್ಯಲ್ಲ, ಬೇರೆ ಅಂತ. ಇಟ್ಟಮಡುವಿನ ಶಶಿಕಾಂತ್ ಅಂತ, ಬಂದು ಟೆಂಪೋದಲ್ಲಿ ಹಾಕ್ಕೊಂಡು ಹೋದ. ಸಾಕ್ಕೋತಾನಂತೆ.”

“ಸಾಕ್ಕೋತಾನಾ?” ಎಂದೆ ನಾನು. “ನಾಳೆ ಏನು ಅಂತ ಗೊತ್ತೇನ್ರೀ ನಿಮಗೆ?”

ಮರುದಿನ ಹೊಸತೊಡಕು. ಯುಗಾದಿಯ ಮಾರನೆಯ ದಿನ ಬೆಂಗಳೂರಿನಲ್ಲಿ ಮಾಂಸ ತಿನ್ನುವ ಮನೆಗಳಲ್ಲೆಲ್ಲ ಮಟನ್ ಬೇಯಲೇಬೇಕು, ಬೆಳಗಾಗುವ ಮೊದಲೇ ಅಂಗಡಿಗಳ ಮುಂದೆ ಜನ ಸಾಲುಗಟ್ಟುತ್ತಾರೆ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿರುವ ಮನುಷ್ಯನಿಗೆ ಇದು ಗೊತ್ತಿಲ್ಲದೆ ಏನು? ಸಾಕುತ್ತಾನೆ ಎಂದು ನಂಬಿದರೆ ಪಾಪ ತಟ್ಟುವುದಿಲ್ಲ, ಆದ್ದರಿಂದ ನಂಬಿದರು.

ಅಂಜನಾ ಎದ್ದು ಕೈ ತೊಳೆದು ಬಂದಳು. “ಮಾವ, ನಾನು ಬೇರೆ ಅಂದಿದ್ದು ಕಲಬೆರಕೆ ಅಂತ ಅಲ್ಲ. ಮನುಷ್ಯರು ಮೇಕೆ ಸಾಕೋಕೆ ಶುರು ಮಾಡಿದ್ದು ಹತ್ತು ಸಾವಿರ ವರ್ಷದ ಹಿಂದೆ, ಇರಾನ್ ಕಡೆ ಬೆಟ್ಟಗಳಲ್ಲಿ. ಈಗ ಪ್ರಪಂಚದಲ್ಲಿರೋ ಹೆಚ್ಚಿನ ಮೇಕೆಗಳ ತಾಯಿ, ತಾಯಿಯ ತಾಯಿ ಅಂತ ಹಿಂದಕ್ಕೆ ಹೋದ್ರೆ ಒಂದೇ ದೊಡ್ಡ ವಂಶಕ್ಕೆ ಹೋಗಿ ಸೇರುತ್ತೆ. ಬೇರೆ ತಾಯಿ ವಂಶಗಳು ಕೆಲವೇ ಕೆಲವು, ಸಿಗೋದೇ ಅಪರೂಪ. ವಿಭೂತಿದು ಅಂಥದ್ದು. ಕೋಡಿಕಲ್ಲಿನ ಸುತ್ತ ನಮ್ಮ ಲ್ಯಾಬಿನೋರು ನೋಡಿದ ಅಷ್ಟೂ ಮೇಕೆಗಳಲ್ಲಿ ಇವಳ ಮನೆಯವರಲ್ಲಿ ಮಾತ್ರ ಸಿಕ್ಕಿದ್ದು. ಎರಡನೇ ಟೆಸ್ಟಲ್ಲೂ ಅದೇ ಬಂತು. ಇವತ್ತು ಊಟ ಆದ್ಮೇಲೆ ಹೇಳೋಣ, ಹಬ್ಬದ ದಿನ ನಿಮಗೆ ಖುಷಿಯಾಗುತ್ತೆ ಅಂತಿದ್ದೆ.”

ಇವರು ಒಬ್ಬಟ್ಟನ್ನು ಮುರಿದಲ್ಲೇ ಬಿಟ್ಟರು. “ಗಂಡು ನಮ್ಮತ್ರ ಇದೆಯಲ್ಲ, ಸಾಕಲ್ವಾ?” ಎಂದರು ಮೆಲ್ಲಗೆ.

ಅಂಜನಾ ಆಗಲೇ ಸ್ಕೂಟರಿನ ಕೀ ಹುಡುಕತೊಡಗಿದ್ದಳು. ಇವರ ಬಾಯಲ್ಲಿ ಆ ಮಾತನ್ನು ನಾನು ಹಿಂದೆಯೂ ಒಮ್ಮೆ ಕೇಳಿದ್ದೆ. ಆದರೆ ಅದನ್ನು ಯೋಚಿಸುತ್ತ ನಿಲ್ಲುವ ಹೊತ್ತಲ್ಲ ಅದು.

ಶಶಿಕಾಂತನ ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಹೊಸ ಸೀರೆಯಲ್ಲೇ ನಾನು ಸೊಸೆಯ ಸ್ಕೂಟರಿನ ಹಿಂದೆ ಕೂತೆ. ಇಟ್ಟಮಡುವಿನಲ್ಲಿ ಅವನ ಮಟನ್ ಅಂಗಡಿಯ ಶಟರ್ ಎಳೆದಿತ್ತು, ಶಟರಿಗೂ ಮಾವಿನ ತೋರಣ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಮುನಿಯಕ್ಕ ನನ್ನ ಹಣೆಯ ವಿಭೂತಿ ನೋಡಿ, ಅಂಗಡಿಯ ಬೋರ್ಡು ನೋಡಿ, ನಕ್ಕಳು.

“ಇವತ್ತು ಯಾಕಕ್ಕ ತೆಗೀತಾರೆ? ಮರಿಗಳನ್ನೆಲ್ಲ ಎಲ್ಲೋ ಅವರ ಕಡೆಯೋರ ಮನೇಲಿ ಕಟ್ಟವ್ರೆ, ಎಲ್ಲಿ ಅಂತ ನಂಗೊತ್ತಿಲ್ಲ. ಬೆಳಕರಿಯೋಕೆ ಮುಂಚೆ ಬಂದ್ಬಿಡಿ, ಆಮ್ಯಾಕೆ ಬಂದ್ರೆ ಒಳ್ಳೇದು ಸಿಗಾಕಿಲ್ಲ.”

ಕತ್ತಲಾಗುವವರೆಗೂ ಗಲ್ಲಿ ಗಲ್ಲಿ ತಿರುಗಿದೆವು. ಎಲ್ಲಾದರೂ ಮೇಕೆ ಕೂಗಿದರೆ ಅಂಜನಾ ಸ್ಕೂಟರ್ ನಿಲ್ಲಿಸುತ್ತಿದ್ದಳು, ನಾನು ಕಾಂಪೌಂಡಿನ ಆಚೆಗೆ ಕತ್ತು ಚಾಚಿ “ವಿಭೂತೀ” ಎಂದು ಕರೆಯುತ್ತಿದ್ದೆ. ಜನ ಏನೆಂದುಕೊಂಡರೋ ನನಗೆ ಬೇಕಿರಲಿಲ್ಲ. ನನ್ನ ಕೂಗಿಗೆ ಯಾವುದೂ ಓಗೊಡಲಿಲ್ಲ.

ಬೆಳಗಿನ ಜಾವ ನಾವು ಹೊರಡುವಾಗ ಇವರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. “ನಾನೂ ಬರ್ತೀನಿ,” ಎಂದರು. ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ.

ಅಂಗಡಿಯ ಮುಂದೆ ಸಾಲು ಆಗಲೇ ಬೀದಿಯ ತಿರುವು ದಾಟಿತ್ತು. ಟ್ಯೂಬ್‌ಲೈಟ್ ಬೆಳಕು, ರಕ್ತದ ವಾಸನೆ, ಮರದ ದಿಮ್ಮಿಯ ಮೇಲೆ ಕತ್ತಿಯ ಸದ್ದು. ಯಾವಾಗಲೂ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ ನನ್ನ ಗಂಡ ನೇರ ಆ ಸಾಲಿನೊಳಗೆ ನುಗ್ಗಿದರು. ಮುಂದೆಯೇ ನಿಂತಿದ್ದ ಲಿಖಿತ್, ನಮ್ಮ ಮಹಡಿ ಮನೆಯ ಬಾಡಿಗೆಯವನು. ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ ಎಂದು ಒಪ್ಪಿಸಿಕೊಂಡೇ ಇವರು ಅವನಿಗೆ ಮನೆ ಕೊಟ್ಟಿದ್ದು. ಇವರನ್ನು ಕಂಡು ಅವನ ಮುಖ ಬಿಳಿಚಿತು, ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ಅಂಕಲ್, ಅದು… ಫ್ರೆಂಡಿಗೆ…”

“ಸ್ವಲ್ಪ ದಾರಿ ಬಿಡಪ್ಪ,” ಎಂದರು ಇವರು. ಡಬ್ಬಿಯನ್ನು ಅವರು ನೋಡಲೇ ಇಲ್ಲ.

ಕಟ್ಟೆಯ ಪಕ್ಕ, ಸುಡುವುದಕ್ಕೆಂದು ಇಟ್ಟಿದ್ದ ತಲೆಗಳು ಒಂದು ದೊಡ್ಡ ಬೇಸಿನ್ನಿನಲ್ಲಿದ್ದವು. ನಾನು ನೋಡಬಾರದೆಂದುಕೊಂಡೇ ನೋಡಿದೆ. ಎಲ್ಲಕ್ಕಿಂತ ಮೇಲೆ ಇದ್ದ ಕಪ್ಪು ಹಣೆಯಲ್ಲಿ ಮೂರು ಬಿಳಿ ಗೆರೆ. ಕಣ್ಣು ತೆರೆದೇ ಇತ್ತು.

ನಾವು ಬಂದ ವಿಷಯ ಕೇಳಿ ಶಶಿಕಾಂತ್ ಕತ್ತಿ ಕೆಳಗಿಟ್ಟ. “ಅಯ್ಯೋ ಸ್ವಾಮಿ, ಫೋನು ಅಂಗಡಿಯೊಳಗೇ ಬಿಟ್ಟೋಗಿದ್ದೆ. ಒಂದು ಮಾತು ಗೊತ್ತಾಗಿದ್ರೆ ಪಕ್ಕಕ್ಕೆ ಕಟ್ಟಾಕ್ತಿದ್ದೆ. ಇದು ಮೊದಲ್ನೇದೇ ಆಗೋಯ್ತು.”

“ಇನ್ನೆರಡು ಇತ್ತಲ್ಲ ಅಣ್ಣ? ಮಚ್ಚೆ ಇದ್ದವು?” ಅಂಜನಾ ಕೇಳಿದಳು.

“ಅವು ಬೊಮ್ಮನಹಳ್ಳಿಗೆ ಹೋದ್ವು ಮೇಡಂ, ನಮ್ಮ ಭಾವನ ಅಂಗಡಿಗೆ. ಇರಿ, ಕೇಳ್ತೀನಿ.” ರಕ್ತದ ಕೈಯನ್ನು ಟವೆಲಿಗೆ ಒರೆಸಿ ಅವನು ಫೋನು ಮಾಡಿದ. ನಮ್ಮ ಹಿಂದೆ ಜನ ಗೊಣಗುತ್ತಿದ್ದರು. ಇವರು ನನ್ನ ಕೈ ಹಿಡಿದುಕೊಂಡರು, ಮದುವೆಯಾದ ಮೇಲೆ ಬೀದಿಯಲ್ಲಿ ಹಾಗೆ ಹಿಡಿದವರಲ್ಲ. ಆ ಕಡೆಯ ಧ್ವನಿಯನ್ನು ಕೇಳಿಸಿಕೊಂಡು ಶಶಿಕಾಂತ್ ಫೋನು ಜೇಬಿಗಿಟ್ಟ. “ಅವೂ ಆಗೋದ್ವಂತೆ,” ಎಂದ.

ವಿಭೂತಿಯ ತಲೆಯನ್ನು ಅವನು ದುಡ್ಡು ಮುಟ್ಟದೆ ಕೊಟ್ಟ. ಅಂಜನಾ ಕಿವಿಯ ತುದಿಯನ್ನು ಚೂರು ಕೊಯ್ಯಿಸಿಕೊಂಡು ಸಣ್ಣ ಶೀಶೆಗೆ ಹಾಕಿದಳು. “ಇದು ರಿಪೋರ್ಟಿಗಾಗುತ್ತೆ ಅತ್ತೆ,” ಎಂದಳು. ಆಮೇಲೆ ಅಲ್ಲೇ, ಅಷ್ಟು ಜನರ ಮುಂದೆ, ಅತ್ತುಬಿಟ್ಟಳು. “ರಿಪೋರ್ಟು ಮರಿ ಹಾಕಲ್ವಲ್ಲ.”

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ನನ್ನ ಗಂಡ ತಲೆಯನ್ನು ತಮ್ಮ ಹಬ್ಬದ ಶಲ್ಯದಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕನಕಪುರ ರಸ್ತೆಯ ಜಾಗಕ್ಕೆ ತಂದರು. ಶೆಡ್ಡಿನ ಹಿಂದೆ ತಾವೇ ಗುಂಡಿ ತೋಡಿದರು. ನಾವು ಕೇಳಿದರೂ ಗುದ್ದಲಿ ಕೊಡಲಿಲ್ಲ. ಮಣ್ಣು ಮುಚ್ಚುವಾಗ ಹಿಂಡು ಬೇಲಿಯ ಹತ್ತಿರ ಬಂದು ನಿಂತಿತು, ಎಲ್ಲವೂ ಕಪ್ಪು, ಯಾವುದು ಯಾವುದೆಂದು ನನಗೆ ಗುರುತೇ ಸಿಗಲಿಲ್ಲ. ಭೈರವ ಮಾತ್ರ ಮುಂದೆ ಬಂದು ಅವರ ಮಣ್ಣುಗೈ ಮೂಸಿದ.

ಅವರು ಅವನ ಕೊರಳು ತಬ್ಬಿಕೊಂಡು ಅಂಜನಾಳನ್ನು ನೋಡಿದರು. “ಇವನು ಅವಳ ಮಗನೇ ಅಲ್ವೇನಮ್ಮ? ಇವನಿಂದ ಬರುತ್ತಲ್ಲ? ಆ ವಂಶ?”

ಸೊಸೆಗೆ ಸುಳ್ಳು ಹೇಳಲು ಬರುವುದಿಲ್ಲ. “ಮೈಕಟ್ಟು, ರೋಗ ತಡೆಯೋ ಶಕ್ತಿ, ಅಂಥದ್ದೆಲ್ಲ ಅರ್ಧ ಪಾಲು ಬರುತ್ತೆ ಮಾವ. ಆ ತಾಯಿ ಕಡೆಯದು ಮಾತ್ರ ಬರಲ್ಲ. ಅದು ತಾಯಿಯಿಂದ ಮಕ್ಕಳಿಗೆ ಬರುತ್ತೆ, ಆದ್ರೆ ಮುಂದಕ್ಕೆ ದಾಟಿಸೋದು ಹೆಣ್ಣು ಮಕ್ಕಳು ಮಾತ್ರ. ಇವನ ಮೈಯಲ್ಲಿದೆ. ಇವನ ಜೊತೆಗೇ ಹೋಗುತ್ತೆ.”

ಅವರು ಗುಂಡಿಯ ಪಕ್ಕದಲ್ಲೇ ಕೂತರು. ಬೇಕಾಗಿದ್ದೆಲ್ಲ ಕೈಲಿದೆ ಎಂದುಕೊಂಡಿದ್ದ ಮನುಷ್ಯ. ನನಗೆ ಅವರ ಮೇಲೆ ಸಿಟ್ಟಿತ್ತು, ಮರುಕವೂ ಇತ್ತು. ಆಗ ಆ ಹಳೆಯ ಮಾತು ಮತ್ತೆ ನೆನಪಾಯಿತು. ಚಿದಾನಂದ ಹುಟ್ಟಿ ಎರಡು ವರ್ಷವಾದಾಗ ನನಗೆ ಇನ್ನೊಂದು ಮಗು ಬೇಕೆನಿಸಿತ್ತು, ಹೆಣ್ಣಾಗಲಿ ಎಂಬ ಆಸೆಯಿತ್ತು. “ಗಂಡು ಆಗಿದೆಯಲ್ಲ, ಸಾಕಲ್ವಾ?” ಎಂದಿದ್ದರು ಇವರು, ಇದೇ ಧ್ವನಿಯಲ್ಲಿ. ಅತ್ತೆಯೂ ಹೂಂ ಎಂದಿದ್ದರು. ನಾನು ಸುಮ್ಮನಾಗಿದ್ದೆ. ನನ್ನ ಅವ್ವ ರುದ್ರಮ್ಮ, ಅವಳ ಅವ್ವ, ಅವಳ ಅವ್ವ, ಆ ಬೇರೆ ಕಡೆಯವರೆಲ್ಲ ನನ್ನ ತನಕ ದಾಟಿಸಿಕೊಂಡು ಬಂದದ್ದು ನನ್ನ ಮಗನಲ್ಲಿ ನಿಂತಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

“ನಂದೂ ಚಿದಾನಂದನ ಜೊತೆಗೇ ಹೋಗುತ್ತೆ ಕಣ್ರೀ,” ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು.

“ನಿಂಗೆ ಹೆಣ್ಣು ಮಗು ಬೇಕಿತ್ತಾ ಗಿರಿಜಾ?” ಎಂದು ಕೇಳಿದರು.

“ಬೇಕಿತ್ತು,” ಎಂದೆ.